ಲೋಕದಿಂದ ಲೋಕಕ್ಕೆ ಹಾರುವ ಪ್ರೇಮಕಥೆಗಳು



ಮೊಬೈಲಿನಲ್ಲಿ ಕಂತು ಕಂತಾಗಿ ಬರುವ ಒಂದು ಬಗೆಯ ಪ್ರೇಮ ಕಾದಂಬರಿ ನಿಮ್ಮಲ್ಲಿ ಅನೇಕರಿಗೆ ಪರಿಚಿತ. ನಾಯಕಿ ಅಪಘಾತವೊಂದರಲ್ಲಿ ಕಣ್ಣು ಮುಚ್ಚುತ್ತಾಳೆ. ಕಣ್ಣು ತೆರೆದಾಗ ಬೇರೊಂದು ಲೋಕದಲ್ಲಿ ರಾಜಕುಮಾರಿಯಾಗಿರುತ್ತಾಳೆ. ಅಲ್ಲಿ ವಹಿಸಿದ ಕೆಲಸ ಮುಗಿದು, ನಾಯಕನ ಪ್ರೀತಿ ಒಲಿದೊಡನೆ ಮತ್ತೊಂದು ಲೋಕ, ಮತ್ತೊಂದು ಹೆಸರು. ಚೀನಾದ ಅಂತರ್ಜಾಲ ಸಾಹಿತ್ಯದಲ್ಲಿ ಹುಲುಸಾಗಿ ಬೆಳೆದ ಈ ಮಾದರಿ ಇಂಗ್ಲಿಷ್ ಅನುವಾದಗಳ ಮೂಲಕ ಹೊರಗೆ ಹರಡಿತು. ಗಂಗಾವತಿಯ ಹಾಸ್ಟೆಲ್ ಕೋಣೆಗೂ ಅದಕ್ಕೆ ದಾರಿಯುಂಟು. ಕನ್ನಡದಲ್ಲಿಯೂ, 2014ರಲ್ಲಿ ಆರಂಭವಾದ ಬೆಂಗಳೂರಿನ ಪ್ರತಿಲಿಪಿಯಂಥ ವೇದಿಕೆಗಳಲ್ಲಿ ಧಾರಾವಾಹಿ ಪ್ರೇಮಕಥೆಗಳು ಧಾರಾಳವಾಗಿ ಸಿಗುತ್ತವೆ.

ಇವುಗಳ ಆಕರ್ಷಣೆ ಏನು? ಸಂಜೆಯಾದ ಮೇಲೆ ಹೊಸಿಲು ದಾಟಲಾಗದ ಹುಡುಗಿ ಇಲ್ಲಿ ಲೋಕಗಳನ್ನೇ ದಾಟುತ್ತಾಳೆ. ಪರೀಕ್ಷೆಯಲ್ಲಿ ಸೋತವನಿಗೆ ಬಾಳನ್ನು ಮೊದಲಿನಿಂದ ಆರಂಭಿಸುವ ಅವಕಾಶ ಸಿಗುತ್ತದೆ. ಎಷ್ಟೇ ರೂಪ ಬದಲಾದರೂ ನನ್ನನ್ನು ಗುರುತಿಸುವ ಒಂದು ಜೀವವಿದೆ ಎಂಬ ಭರವಸೆ ಯಾರಿಗೆ ಬೇಡ? ಈ ಆಸೆಗಳನ್ನು ಹೀಗಳೆಯುವುದು ಸರಿಯಲ್ಲ.

ಈ ಆಸೆ ಹೊಸದೂ ಅಲ್ಲ. ನಾವು 'ಕಾದಂಬರಿ' ಎನ್ನುವ ಪದವೇ ಇಂಥದೊಂದು ಕಥೆಯಿಂದ ಬಂದದ್ದು. 7ನೆಯ ಶತಮಾನದಲ್ಲಿ ಬಾಣಭಟ್ಟ ಸಂಸ್ಕೃತದಲ್ಲಿ ಆರಂಭಿಸಿ, ಅವನ ಮಗ ಪೂರ್ಣಗೊಳಿಸಿದ 'ಕಾದಂಬರಿ'ಯನ್ನು ಒಂದನೆಯ ನಾಗವರ್ಮ ಕನ್ನಡದಲ್ಲಿ ಚಂಪೂಕಾವ್ಯವಾಗಿಸಿದ. ಅಲ್ಲಿ ಗಂಧರ್ವ ಕನ್ಯೆಯರಿದ್ದಾರೆ, ಭೂಲೋಕದ ರಾಜಕುಮಾರನಿದ್ದಾನೆ, ಜನ್ಮಾಂತರದ ಪ್ರೇಮವಿದೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ಮಹಾಶ್ವೇತೆಯ ಪ್ರಿಯನಾದ ಪುಂಡರೀಕ ಸತ್ತು, ವೈಶಂಪಾಯನನಾಗಿ ಹುಟ್ಟಿ, ಗುರುತು ತಿಳಿಯದ ಅವಳನ್ನು ಒಲ್ಲೆನೆಂದರೂ ಬಿಡದೆ ಕಾಡುತ್ತಾನೆ. ಅವಳ ಶಾಪದಿಂದ ಗಿಳಿಯಾಗುತ್ತಾನೆ. ಪೂರ್ವಜನ್ಮದ ಪ್ರಿಯನಾದರೂ ಬಲವಂತಕ್ಕೆ ಅಲ್ಲಿ ಕ್ಷಮೆಯಿಲ್ಲ.

ಇಂದಿನ ಅನೇಕ ಕಂತುಕಥೆಗಳಲ್ಲಿ ಇದಕ್ಕೆ ತದ್ವಿರುದ್ಧ. ನಾಯಕ ಕೈ ಹಿಡಿದೆಳೆಯುತ್ತಾನೆ, ಕೋಣೆಯಲ್ಲಿ ಕೂಡಿಹಾಕುತ್ತಾನೆ. ಕಥೆ ಅದನ್ನು ಗಾಢ ಪ್ರೀತಿಯೆಂದು ಕರೆಯುತ್ತದೆ. ಒಂದು ಲೋಕದಲ್ಲಿ ಮಾಡಿದ ತಪ್ಪು ಮುಂದಿನ ಲೋಕಕ್ಕೆ ಬರುವುದಿಲ್ಲ. ನೂರಾರು ಕಂತು ಓದಿದ ಮೇಲೆ 'ಬೇಡ' ಎಂಬ ಮಾತಿಗೆ ಬೆಲೆಯಿಲ್ಲವೆಂದು ನಮಗೂ ಅನಿಸತೊಡಗಿದರೆ, ಅದು ದೊಡ್ಡ ನಷ್ಟ.

ಎರಡನೆಯದು ಕಾಲ ಮತ್ತು ಹಣ. 'ಸುಧಾ', 'ತರಂಗ'ಗಳಲ್ಲಿ ಧಾರಾವಾಹಿ ಓದುವವರು ಮುಂದಿನ ಕಂತಿಗೆ ಒಂದು ವಾರ ಕಾಯಬೇಕು. ಆ ಬಿಡುವಿನಲ್ಲಿ ಓದಿದ್ದು ಅರಗುತ್ತದೆ, ಉಳಿದ ಕೆಲಸವೂ ಆಗುತ್ತದೆ. ಫೋನಿನಲ್ಲಿ ಮುಂದಿನ ಕಂತು ಬೆರಳಿನಡಿಯಲ್ಲೇ ಇದೆ. ಕೆಲವೆಡೆ ಬೀಗ ಹಾಕಿ, ದುಡ್ಡು ಕೊಟ್ಟರೆ ತೆರೆಯುತ್ತದೆ. ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳನ್ನು ನೆನೆಯಿರಿ. ಕಾಳು ಯಾವಾಗ ಬೀಳುವುದೆಂದು ತಿಳಿಯದಿದ್ದಾಗ ಹಕ್ಕಿ ಎಡೆಬಿಡದೆ ಕುಕ್ಕುತ್ತಲೇ ಇರುತ್ತದೆ. ಹತ್ತು ಸಪ್ಪೆ ಕಂತುಗಳ ನಡುವೆ ಬರುವ ಒಂದು ರೋಮಾಂಚಕ ಕಂತು ಮಾಡುವುದೂ ಇದನ್ನೇ.

ದೂರದರ್ಶನದ ಧಾರಾವಾಹಿ ತಯಾರಿಸುವವರಿಗೆ ತಿಳಿದ ಒಂದು ಗುಟ್ಟನ್ನು ಹೇಳುತ್ತೇನೆ. ಪ್ರತಿ ಕಂತಿನ ಕೊನೆಯಲ್ಲಿ ನಾವು ಬೇಕೆಂದೇ ಕುತೂಹಲದ ಗಂಟು ಹಾಕುತ್ತೇವೆ. ಆದ್ದರಿಂದ ಕಂತು ಮುಗಿದ ಮೇಲೆ ಫೋನ್ ಇಡುತ್ತೇನೆ ಎಂದುಕೊಳ್ಳಬೇಡಿ, ಅದು ಕಷ್ಟ. ಕಂತಿನ ನಡುವೆ, ಕಥೆ ತುಸು ಶಾಂತವಾಗಿರುವಾಗಲೇ ನಿಲ್ಲಿಸಿ. ಸುಲಭವಾಗಿ ನಿಲ್ಲುತ್ತದೆ.

ಗಂಗಾವತಿ ತಾಲ್ಲೂಕಿನ ಆನೆಗುಂದಿಯ ಸುತ್ತಲ ಬೆಟ್ಟಗಳೇ ಕಿಷ್ಕಿಂಧೆಯೆಂದು ನಮ್ಮ ಜನ ನಂಬುತ್ತಾರೆ. ಮಾಯಾವಿಯನ್ನು ಬೆನ್ನಟ್ಟಿ ವಾಲಿ ಗುಹೆ ಹೊಕ್ಕ ಕಥೆ ನಿಮಗೆ ಗೊತ್ತು. ಅವನು ಶತ್ರುವನ್ನು ಗೆದ್ದೇ ಹೊರಬಂದ. ಆದರೆ ಅಷ್ಟರಲ್ಲಿ ಒಂದು ವರ್ಷ ಕಳೆದಿತ್ತು, ಸಿಂಹಾಸನದಲ್ಲಿ ತಮ್ಮ ಕುಳಿತಿದ್ದ. ಒಳಗಿನ ಲೋಕದಲ್ಲಿ ಗೆಲ್ಲುವಾಗಲೂ ಹೊರಗಿನ ಕಾಲ ನಿಲ್ಲುವುದಿಲ್ಲ.

ಆದ್ದರಿಂದ ಓದಿರಿ; ಹೊತ್ತು ಗೊತ್ತುಮಾಡಿಕೊಂಡು ಓದಿರಿ. ಓದಿದ್ದನ್ನು ಗೆಳೆಯರೊಡನೆ ಚರ್ಚಿಸಿರಿ, ನಾಯಕನನ್ನು ಪ್ರಶ್ನಿಸಿರಿ. ಸಾಧ್ಯವಾದರೆ ತುಂಗಭದ್ರೆಯ ದಡದ ಈ ಬಂಡೆಗಳ ನಡುವೆಯೇ ಬಾಗಿಲು ತೆರೆಯುವ ಒಂದು ಲೋಕವನ್ನು ನೀವೇ ಬರೆಯಿರಿ.