ಅಗ್ಗದ ಯೂರಿಯಾ, ನೆರೆಯವನ ಬಾವಿ
(ಜುಮಾ ಪ್ರವಚನದ ಸಾರಾಂಶ)

ಸತ್ಯವಿಶ್ವಾಸಿಗಳೇ, ನೆರೆಯವನ ಹಕ್ಕನ್ನು ಪ್ರವಾದಿವರ್ಯರು(ಸ) ಎಷ್ಟು ಒತ್ತಿ ಕಲಿಸಿದ್ದಾರೆಂದು ನಮಗೆಲ್ಲ ಗೊತ್ತು. ಅವನ ಬಾವಿಯ ನೀರೂ ಆ ಹಕ್ಕಿನಲ್ಲಿ ಸೇರಿದೆ. ಆದ್ದರಿಂದ ಇಂದು ಗೊಬ್ಬರದ ಬಗ್ಗೆ ಮಾತನಾಡೋಣ.

45 ಕಿಲೋ ಯೂರಿಯಾ ಚೀಲ ನಮಗೆ ಸುಮಾರು 266 ರೂಪಾಯಿಗೆ ಸಿಗುತ್ತದೆ. ನಿಜವಾದ ಬೆಲೆ ಅದರ ಹಲವು ಪಟ್ಟು. ಉಳಿದದ್ದನ್ನು ಸರಕಾರ ನಮ್ಮೆಲ್ಲರ ತೆರಿಗೆಯಿಂದ ಭರಿಸುತ್ತದೆ. 2010ರಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳ ಸಬ್ಸಿಡಿ ಕ್ರಮ ಬದಲಾಯಿತು, ಅವುಗಳ ಬೆಲೆ ಏರಿತು. ಯೂರಿಯಾ ಆ ಕ್ರಮದ ಹೊರಗಿತ್ತು, ಅಗ್ಗವಾಗಿಯೇ ಉಳಿಯಿತು. ಅಗ್ಗದ್ದನ್ನು ಕೈಬಿಚ್ಚಿ ಸುರಿಯುವುದು ಮನುಷ್ಯ ಸ್ವಭಾವ.

ಬೆಳೆ ಹೀರದೆ ಉಳಿದ ಸಾರಜನಕ ಎಲ್ಲಿಗೆ ಹೋಗುತ್ತದೆ? ನಮ್ಮ ಜಿಲ್ಲೆಯ ಜಡಿಮಳೆಗೆ ಅದು ನೈಟ್ರೇಟ್ ಆಗಿ ಬಾವಿಗೆ ಇಳಿಯಬಹುದು, ತೋಡಿನಿಂದ ಹೊಳೆ ಸೇರಬಹುದು. ಕಾರ್ಕಳದ ಕಡೆಯಿಂದ ಬರುವ ಸ್ವರ್ಣಾ ನದಿಯ ನೀರನ್ನೇ ಬಜೆಯಲ್ಲಿ ತಡೆದು ಉಡುಪಿ, ಮಣಿಪಾಲದವರಿಗೆ ಕುಡಿಯಲು ಕೊಡುತ್ತಾರೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದರೆ ಎಳೆಯ ಕೂಸಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದುವ ಅಪಾಯವಿದೆ. ಆ ಕೂಸು ಯಾವ ಗದ್ದೆಗೂ ಗೊಬ್ಬರ ಹಾಕಿದ್ದಲ್ಲ.

ಪರಿಹಾರವೇನು? ಸ್ವೀಡನ್ 1984ರಲ್ಲಿ ಗೊಬ್ಬರದ ಮೇಲೆ ತೆರಿಗೆ ಹಾಕಿತು. ಇಲ್ಲಿ ಹಾಗೆ ಮಾಡಿದರೆ ಕಾಪು ಕಡೆಯ ಶಂಕರಪುರದ ಮಲ್ಲಿಗೆ, ಮಟ್ಟುವಿನ ಗುಳ್ಳ ಬೆಳೆಯುವ ಸಣ್ಣ ರೈತನಿಗೇ ಮೊದಲು ಹೊರೆ. ಮಳೆಯಿಂದ ಬೆಳೆದ ಫಸಲಿಗೆ ಹತ್ತನೇ ಒಂದು, ಖರ್ಚು ಮಾಡಿ ನೀರೆತ್ತಿ ಬೆಳೆದದ್ದಕ್ಕೆ ಇಪ್ಪತ್ತನೇ ಒಂದು ಭಾಗ ಝಕಾತ್. ರೈತನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯುವ ಈ ನ್ಯಾಯ ಸರಕಾರದ ನೀತಿಯಲ್ಲೂ ಇರಬೇಕು.

2015ರಲ್ಲಿ ಮಣ್ಣು ಆರೋಗ್ಯ ಚೀಟಿ ಬಂತು. ಯೂರಿಯಾ ನಿಧಾನವಾಗಿ ಕರಗಲೆಂದು ಎಲ್ಲಕ್ಕೂ ಬೇವಿನ ಲೇಪನ ಕಡ್ಡಾಯವಾಯಿತು. 2023ರಲ್ಲಿ ಕೇಂದ್ರ ಸರಕಾರ ಪಿಎಂ-ಪ್ರಣಾಮ್ ಯೋಜನೆ ತಂದಿತು: ರಾಸಾಯನಿಕ ಗೊಬ್ಬರ ಕಡಿಮೆ ಬಳಸಿದ ರಾಜ್ಯಕ್ಕೆ ಉಳಿತಾಯವಾದ ಸಬ್ಸಿಡಿಯ ಅರ್ಧ. ದಂಡಿಸುವುದಕ್ಕಿಂತ ಇದು ಒಳ್ಳೆಯ ದಾರಿ. ಆದರೆ ಉಳಿಸಿದ ರೈತನ ಕೈಗೂ ಪಾಲು ತಲುಪಬೇಕು. ಇದನ್ನು ಗ್ರಾಮಸಭೆಯಲ್ಲಿ ನಾವು ಕೇಳೋಣ.

ನೀತಿ ಬದಲಾಗುವವರೆಗೆ ಕಾಯಬೇಕಿಲ್ಲ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸೋಣ. ಬೇಕಾದಷ್ಟನ್ನೇ, ಎರಡು ಮೂರು ಕಂತಿನಲ್ಲಿ ಹಾಕೋಣ. ಜೋರು ಮಳೆಯ ಮುನ್ಸೂಚನೆ ಇರುವ ದಿನ ಚೀಲ ಬಿಚ್ಚುವುದು ಬೇಡ. ಹಟ್ಟಿಗೊಬ್ಬರ, ಹಸಿರೆಲೆಯನ್ನು ಮರೆಯದಿರೋಣ.

ನೀರು ನಮ್ಮ ಕೈಯಲ್ಲಿರುವ ಅಮಾನತ್ತು. ಅದನ್ನು ಕೆಡಿಸದೆ ಮುಂದಿನವರಿಗೆ ಒಪ್ಪಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.