ಹೊಸ ಊರು, ಮೊದಲ ಹಾಡು

(ತಾವೇ ಹಾಡು ಕಟ್ಟಿ ಹಾಡುವ ಯುವಕ ಯುವತಿಯರ ಶಿಬಿರವೊಂದರ ಕೊನೆಯ ದಿನ ಮಾಡಿದ ಭಾಷಣದ ಪಠ್ಯ)



ಹೊಸ ಊರಿನಲ್ಲಿ ಮೊದಲ ಸಲ ಹಾಡಲು ನಿಂತವರಿಗೆ ಎರಡು ಭಯಗಳಿರುತ್ತವೆ. ಗಂಟಲು ಕೈಕೊಟ್ಟೀತು ಎಂಬುದು ಒಂದು. ಈ ಊರು ನನ್ನನ್ನು ಹಾಡಲು ಬಿಡುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಏನು ಮಾಡಬೇಕೆಂದು ನಿಮ್ಮ ಗುರುಗಳು ಈ ಶಿಬಿರದಲ್ಲಿ ಹೇಳಿಕೊಟ್ಟಿದ್ದಾರೆ. ನಾನು ಎರಡನೆಯದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಅದಕ್ಕಾಗಿ ನಿಮ್ಮನ್ನು ಸ್ವಲ್ಪ ದೂರ, 1961ರ ನ್ಯೂಯಾರ್ಕಿಗೆ ಕರೆದೊಯ್ಯಬೇಕಾಗುತ್ತದೆ.

ಆ ವರ್ಷದ ಜನವರಿ 24ರಂದು, ಕೊರೆಯುವ ಚಳಿಯಲ್ಲಿ, 19 ವರ್ಷದ ಹುಡುಗನೊಬ್ಬ ಗಿಟಾರ್ ಹಿಡಿದು ಆ ನಗರಕ್ಕೆ ಬಂದ. ಮಿನೆಸೋಟ ರಾಜ್ಯದ ಹಿಬ್ಬಿಂಗ್ ಎಂಬ ಕಬ್ಬಿಣದ ಗಣಿಯೂರಿನಲ್ಲಿ ಬೆಳೆದವನು. ತಂದೆಗೆ ವಿದ್ಯುತ್ ಉಪಕರಣಗಳ ಅಂಗಡಿ. ಹುಡುಗ ವಿಶ್ವವಿದ್ಯಾಲಯಕ್ಕೆ ಸೇರಿ, ಓದನ್ನು ಅರ್ಧಕ್ಕೇ ಬಿಟ್ಟಿದ್ದ. ಹುಟ್ಟು ಹೆಸರು ರಾಬರ್ಟ್ ಝಿಮ್ಮರ್‌ಮನ್. ತಾನೇ ಇಟ್ಟುಕೊಂಡ ಹೆಸರು ಬಾಬ್ ಡೈಲನ್. ಜಾನಪದ ಧಾಟಿಯಲ್ಲಿ ಹಾಡು ಕಟ್ಟಿ ಊರೂರು ಸುತ್ತಿದ್ದ ವುಡಿ ಗಥ್ರಿ ಅವನ ಮಾನಸಗುರು. ಗಥ್ರಿ ಆಗ ಗುಣವಾಗದ ನರರೋಗದಿಂದ ನೆರೆಯ ನ್ಯೂಜೆರ್ಸಿಯ ಆಸ್ಪತ್ರೆಯಲ್ಲಿದ್ದರು. ಅವರನ್ನು ನೋಡಬೇಕು, ನಗರದಲ್ಲಿ ಹಾಡಬೇಕು, ಇಷ್ಟೇ ಅವನ ಯೋಜನೆ.

ಬಂದ ದಿನವೇ ಅವನು ಗ್ರೀನಿಚ್ ವಿಲೇಜ್ ಬಡಾವಣೆಯ 'ಕೆಫೆ ವ್ಹಾ?' ಎಂಬ ನೆಲಮಾಳಿಗೆಯ ಕಾಫಿ ಹೌಸಿನಲ್ಲಿ ಹಾಡಿದನೆಂದು ಹೇಳುತ್ತಾರೆ. ಅಲ್ಲಿ ಪೋಸ್ಟರ್ ಇಲ್ಲ, ಸಂಭಾವನೆಯೂ ಇಲ್ಲ. ಇಂಥ ಅನೇಕ ಕಾಫಿ ಹೌಸುಗಳಲ್ಲಿ ಹಾಡು ಮುಗಿದ ಮೇಲೆ ಕೇಳುಗರ ನಡುವೆ ಬುಟ್ಟಿ ತಿರುಗಿಸುತ್ತಿದ್ದರು. ನಮ್ಮ ಜಾತ್ರೆಗಳಲ್ಲಿ ಹಾಡುವವರ ಮುಂದೆ ಟವೆಲ್ ಹಾಸಿರುವುದಿಲ್ಲವೇ, ಹಾಗೆ. ಬಿದ್ದಷ್ಟೇ ಗಳಿಕೆ. ಹಗಲು ಹೊತ್ತು ಅವನು ಬೇರೆ ಗಾಯಕರ ಹಾಡಿಗೆ ಮೌತ್ ಆರ್ಗನ್ ನುಡಿಸುತ್ತಿದ್ದ. ರಾತ್ರಿ ಪರಿಚಯದವರ ಮನೆಯ ಸೋಫಾ ಮೇಲೆ ಮಲಗುತ್ತಿದ್ದ.

ಸಂಭಾವನೆ ಸಿಗುವ ಜಾಗಗಳು ಇರಲಿಲ್ಲವೇ? ಇದ್ದವು. ಆದರೆ ಅಲ್ಲಿಗೆ ಹೋಗಲು ಹಾಡು ಬಂದರೆ ಸಾಲದಾಗಿತ್ತು. ಮದ್ಯ ಮಾರುವ ಕಡೆ ಹಾಡುವವರು, ವಾದ್ಯ ನುಡಿಸುವವರು ಪೊಲೀಸರಿಂದ ಒಂದು ಕಾರ್ಡು ಪಡೆಯಬೇಕೆಂಬ ನಿಯಮ 1940ರಿಂದ ಜಾರಿಯಲ್ಲಿತ್ತು. ಅದಕ್ಕೆ ಬೆರಳಚ್ಚು ಕೊಡಬೇಕು. ಹೆಸರಾಂತ ಕಪ್ಪು ಗಾಯಕಿ ಬಿಲ್ಲಿ ಹಾಲಿಡೇ 1947ರಲ್ಲಿ ಮಾದಕ ವಸ್ತುವಿನ ಪ್ರಕರಣದಲ್ಲಿ ಜೈಲಿಗೆ ಹೋದರು. ಆಮೇಲೆ ಅವರಿಗೆ ಈ ಕಾರ್ಡು ಸಿಗಲಿಲ್ಲ. 1948ರಲ್ಲಿ ಅವರು ಭವ್ಯವಾದ ಕಾರ್ನೆಗಿ ಹಾಲ್‌ನಲ್ಲಿ ಕಿಕ್ಕಿರಿದ ಸಭೆಗೆ ಹಾಡಿದರು. ಅದೇ ಊರಿನ ಸಣ್ಣದೊಂದು ನೈಟ್ ಕ್ಲಬ್ಬಿನಲ್ಲಿ ಹಾಡುವ ಹಕ್ಕು ಮಾತ್ರ ಅವರಿಗಿರಲಿಲ್ಲ.

ಹಾಗಾದರೆ ಬಯಲಿನಲ್ಲಿ ಹಾಡಬಹುದಲ್ಲ ಎನ್ನುತ್ತೀರಿ. ಬಡಾವಣೆಯ ನಡುವಿನ ವಾಷಿಂಗ್ಟನ್ ಸ್ಕ್ವೇರ್ ಉದ್ಯಾನದಲ್ಲಿ ವರ್ಷಗಳಿಂದ ಭಾನುವಾರದ ಮಧ್ಯಾಹ್ನ ಹಾಡುಗಾರರು ಸೇರುತ್ತಿದ್ದರು. 1961ರ ವಸಂತದಲ್ಲಿ ಉದ್ಯಾನದ ಅಧಿಕಾರಿ ಅದಕ್ಕೂ ಪರವಾನಗಿ ನಿರಾಕರಿಸಿದರು. ಏಪ್ರಿಲ್ 9ರ ಭಾನುವಾರ ಜಾನಪದ ಸಂಗೀತದ ಅಂಗಡಿ ಇಟ್ಟಿದ್ದ ಇಜ್ಜಿ ಯಂಗ್ ಅವರ ಮುಂದಾಳತ್ವದಲ್ಲಿ ಗಾಯಕರು ಗಿಟಾರ್ ಹಿಡಿದೇ ಪ್ರತಿಭಟಿಸಿದರು. ಪೊಲೀಸರು ಗುಂಪಿನ ಮೇಲೆ ಬಿದ್ದರು, ಹಲವರ ಬಂಧನವಾಯಿತು. ಕೆಲವು ತಿಂಗಳೊಳಗೆ ಪರವಾನಗಿ ಮರಳಿ ಬಂತು, ಅದು ಬೇರೆ ಮಾತು.

ಈ ಗಲಾಟೆ ನಡೆದು ಎರಡೇ ದಿನಕ್ಕೆ, ಏಪ್ರಿಲ್ 11ರ ಮಂಗಳವಾರ, ನಮ್ಮ ಹುಡುಗನ ಮೊದಲ ನಿಜವಾದ ಕಛೇರಿ. ಸ್ಥಳ 'ಗರ್ಡೀಸ್ ಫೋಕ್ ಸಿಟಿ'. ಇಟಲಿಯಿಂದ ವಲಸೆ ಬಂದಿದ್ದ ಮೈಕ್ ಪೋರ್ಕೊ ನಡೆಸುತ್ತಿದ್ದ ಹೋಟೆಲು ಅದು. ಒಂದು ವರ್ಷದಿಂದ ಅಲ್ಲಿ ಜಾನಪದ ಗಾಯನ ಶುರುವಾಗಿತ್ತು. ಸೋಮವಾರ ಯಾರು ಬೇಕಾದರೂ ಬಂದು ಹಾಡಬಹುದಿತ್ತು. ಅಲ್ಲಿ ಡೈಲನ್‌ನನ್ನು ಕೇಳಿದ್ದ ಪೋರ್ಕೊ, ಆಗಲೇ ಖ್ಯಾತರಾಗಿದ್ದ ಬ್ಲೂಸ್ ಗಾಯಕ ಜಾನ್ ಲೀ ಹೂಕರ್ ಅವರಿಗಿಂತ ಮೊದಲು ಹಾಡುವ ಅವಕಾಶ ಕೊಟ್ಟರು.

ತೊಡಕು ಬಂದದ್ದು ಕಾಗದಪತ್ರದಲ್ಲಿ. ಪೊಲೀಸ್ ಕಾರ್ಡಿನ ಜೊತೆಗೆ ಸಂಗೀತಗಾರರ ಯೂನಿಯನ್ನಿನ ಸದಸ್ಯತ್ವವೂ ಬೇಕು. 21 ತುಂಬದವರ ಅರ್ಜಿಗೆ ತಂದೆ ಅಥವಾ ತಾಯಿಯ ಸಹಿ ಬೇಕು. ಪೋರ್ಕೊ ಮುಂದೆ ನೆನಪಿಸಿಕೊಂಡಂತೆ, ಹುಡುಗ ತನಗೆ ತಾಯಿಯೂ ಇಲ್ಲ, ತಂದೆಯೂ ಇಲ್ಲ ಎಂದುಬಿಟ್ಟ. ಇಬ್ಬರೂ ಹಿಬ್ಬಿಂಗ್‌ನಲ್ಲಿ ಚೆನ್ನಾಗಿಯೇ ಇದ್ದರು! ಅಲೆಮಾರಿ ಅನಾಥನೆಂದು ಹೇಳಿಕೊಳ್ಳುವುದು ಆಗಿನ ಅವನ ಚಾಳಿ. ಪೋರ್ಕೊ ಹೆಚ್ಚು ವಿಚಾರಿಸಲು ಹೋಗಲಿಲ್ಲ. ಪೋಷಕನೆಂದು ತಾವೇ ಸಹಿ ಹಾಕಿದರು.

ಆ ಸಹಿಯ ಬಗ್ಗೆ ಸ್ವಲ್ಪ ಯೋಚಿಸಿ. ಹೋಟೆಲು ನಡೆಸುವವರಿಗೆ ಈ ಹುಡುಗನಿಂದ ಭಾರಿ ಲಾಭವೇನೂ ಇರಲಿಲ್ಲ; ಪೋಸ್ಟರಿನಲ್ಲಿ ಜನ ನೋಡುತ್ತಿದ್ದುದು ಹೂಕರ್ ಹೆಸರನ್ನು. ಆದರೂ ಪರವೂರಿನಿಂದ ಬಂದು ನೆಲೆಯೂರಿದವರೊಬ್ಬರು ಪರವೂರಿನಿಂದ ಈಗ ತಾನೇ ಬಂದವನಿಗೆ ಹೊಣೆಯಾದರು. ನಗರ ತೆರೆದುಕೊಳ್ಳುವುದು ಹೀಗೆ, ಯಾರೋ ಒಬ್ಬರ ಕೈಯಿಂದ.

ಅಂದಿನಿಂದ ಎಲ್ಲವೂ ಸಲೀಸಾಯಿತೆಂದು ತಿಳಿಯಬೇಡಿ. ಅದೇ ವೇದಿಕೆಯ ಮೇಲೆ ಸೆಪ್ಟೆಂಬರ್ ಕೊನೆಯಲ್ಲಿ ಅವನು ಮತ್ತೆ ಹಾಡಿದ, ಮತ್ತೆ ಬೇರೆ ತಂಡಕ್ಕಿಂತ ಮೊದಲು. ಸೆಪ್ಟೆಂಬರ್ 29ರ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ವಿಮರ್ಶಕ ರಾಬರ್ಟ್ ಶೆಲ್ಟನ್ ಮುಖ್ಯ ತಂಡಕ್ಕಿಂತ ಇವನ ಬಗ್ಗೆಯೇ ಹೆಚ್ಚು ಬರೆದರು. ಅಕ್ಟೋಬರ್‌ನಲ್ಲಿ ಕೊಲಂಬಿಯಾ ರೆಕಾರ್ಡ್ ಕಂಪನಿಯ ಒಪ್ಪಂದವಾಯಿತು. ಇಷ್ಟಾದ ಮೇಲೆ ನವೆಂಬರ್ 4ರಂದು ಇಜ್ಜಿ ಯಂಗ್ ಕಾರ್ನೆಗಿ ಹಾಲ್ ಕಟ್ಟಡದ ಚಿಕ್ಕ ಸಭಾಂಗಣದಲ್ಲಿ ಅವನ ಕಛೇರಿ ಇಟ್ಟರು. ಬಂದ ಜನ ಐವತ್ತರ ಆಸುಪಾಸು!

1962ರ ಮಾರ್ಚಿನಲ್ಲಿ ಮೊದಲ ರೆಕಾರ್ಡು ಬಂತು. ಅದರ 13 ಹಾಡುಗಳಲ್ಲಿ ಸ್ವಂತದ್ದು ಎರಡೇ. ಒಂದು, ವುಡಿ ಗಥ್ರಿಗೆ ನಮಸ್ಕಾರ ಹೇಳುವ ಹಾಡು; ಅದರ ಧಾಟಿಯೂ ಗಥ್ರಿಯ ಹಾಡೊಂದರದೇ. ಇನ್ನೊಂದು, ನ್ಯೂಯಾರ್ಕಿಗೆ ಬಂದ ಮೊದಲ ದಿನಗಳ ಕಥೆ. ಅಲ್ಲಿ ಚಳಿ ಇದೆ, ಹಳ್ಳಿಗನೆಂದು ಹೀಗಳೆದ ಕಾಫಿ ಹೌಸಿನವನಿದ್ದಾನೆ, ಪುಡಿಗಾಸಿಗೆ ಮೌತ್ ಆರ್ಗನ್ ಊದಿದ್ದೂ ಇದೆ. ಬೇರೆಯವರ ಹಾಡು ಹಾಡಲು ಬಂದವನಿಗೆ ಸ್ವಂತ ಹಾಡಿನ ವಸ್ತು ಕೊಟ್ಟದ್ದು ಹೊಸ ಊರಿನ ಆ ತಿರಸ್ಕಾರ. ಹಾಡು ಕಟ್ಟುವ ನೀವು ಇದನ್ನು ನೆನಪಿಡಬೇಕು. ಮೊದಲ ಕಛೇರಿ ಕೆಟ್ಟರೂ ನಷ್ಟವಿಲ್ಲ, ಅದನ್ನು ಮುಂದಿನ ಹಾಡಿಗೆ ಬಳಸಿಕೊಳ್ಳುವುದು ತಿಳಿದಿದ್ದರೆ.

ಪೊಲೀಸ್ ಕಾರ್ಡಿನ ನಿಯಮ 1967ರಲ್ಲಿ ರದ್ದಾಯಿತು. ಫೋಕ್ ಸಿಟಿ 1987ರಲ್ಲಿ ಬಾಗಿಲು ಹಾಕಿತು. ಡೈಲನ್‌ಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಆದರೆ ನಾನು ಈ ಕಥೆ ಹೇಳಿದ್ದು ನೊಬೆಲ್‌ಗಾಗಿ ಅಲ್ಲ. ನಿಮ್ಮಲ್ಲಿ ಎಲ್ಲರೂ ಗಾಯಕರಾಗಿಯೇ ಉಳಿಯುವುದಿಲ್ಲ. ಒಬ್ಬರು ಹೋಟೆಲು ಇಡುತ್ತೀರಿ, ಒಬ್ಬರ ಬಳಿ ಸಭಾಂಗಣದ ಬೀಗದ ಕೈ ಇರುತ್ತದೆ, ಇನ್ನೊಬ್ಬರು ಪರವಾನಗಿ ಕೊಡುವ ಕುರ್ಚಿಯಲ್ಲಿ ಕೂರುತ್ತೀರಿ. ಮುಂದೊಂದು ದಿನ ಪರವೂರಿನ ಹುಡುಗನೋ ಹುಡುಗಿಯೋ ಅರ್ಜಿ ಹಿಡಿದು ನಿಮ್ಮೆದುರು ನಿಂತಾಗ, ದಯವಿಟ್ಟು ಪೆನ್ನು ಹುಡುಕಲು ತಡಮಾಡಬೇಡಿ.