ಕಪಿಲಾ ಕಾವೇರೀ ತೀರದ ಋತುಗಳೂ ಜೀವರಾಶಿಯೂ



ಪಂಚಾಂಗವು ವರ್ಷವನ್ನು ಚೈತ್ರಮಾಸದಿಂದ ಎಣಿಸುವುದಾದರೂ, ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ಸೀಮೆಯ ಒಕ್ಕಲುಮಕ್ಕಳಿಗೆ ವರ್ಷವು ಮಳೆಯಿಂದಲೇ ಮೊದಲಾಗತಕ್ಕದ್ದಾಗಿದೆ. ಭರಣಿ ಕೃತ್ತಿಕೆಗಳಲ್ಲಿ ಗುಡುಗುಮಿಂಚುಗಳೊಡನೆ ಬರುವ ಮಳೆಗೆ ಹೊಲವನ್ನು ಉತ್ತು, ಉತ್ತರೆ ಹಸ್ತೆ ಚಿತ್ತೆಗಳ ಮಳೆಗೆ ಕೆರೆಯನ್ನು ತುಂಬಿಸಿಕೊಳ್ಳುವುದು ಇಲ್ಲಿಯ ವಾಡಿಕೆ. ಇವೆರಡರ ನಡುವಣ ಆಷಾಢ ಶ್ರಾವಣಗಳಲ್ಲಿ ಪಶ್ಚಿಮದ ಘಟ್ಟಗಳು ಮೋಡಗಳನ್ನು ತಡೆದುಕೊಳ್ಳುವುದರಿಂದ ಈ ಹೊಲಗಳ ಪಾಲಿಗೆ ತುಂತುರೂ ಗಾಳಿಯೂ ಮಾತ್ರ ಉಳಿಯುವುವು. ಆಶ್ಚರ್ಯವೇನೆಂದರೆ, ಆ ಕಾಲದಲ್ಲಿಯೇ ಕಪಿಲೆಯು ಕೆನ್ನೀರಿನಿಂದ ಉಬ್ಬಿ ಬರುವಳು. ಆಕೆಯ ಹುಟ್ಟು ವಯನಾಡಿನ ಬೆಟ್ಟಗಳಲ್ಲಿ. ಅಲ್ಲಿ ಬಿದ್ದ ಮಳೆಯ ವಾರ್ತೆಯನ್ನು ಇಲ್ಲಿಗೆ ನದಿಯೇ ತರಬೇಕು. ಬೀಚನಹಳ್ಳಿಯಲ್ಲಿ ಅಣೆಕಟ್ಟು 1974ರಲ್ಲಿ ಮುಗಿದ ತರುವಾಯವೂ ಪ್ರವಾಹವು ನಿಂತಿಲ್ಲ. 2018ರಲ್ಲಿಯೂ 2019ರಲ್ಲಿಯೂ ಆಗಸ್ಟ್ ತಿಂಗಳಲ್ಲಿ ನಂಜನಗೂಡಿನ ಸ್ನಾನಘಟ್ಟವು ಮುಳುಗಿ, ಮಲ್ಲನಮೂಲೆಯ ಮಠದ ಬಳಿ ಹೆದ್ದಾರಿಯ ಮೇಲೆ ನೀರು ಹರಿದು, ಮೈಸೂರಿಗೆ ಹೋಗುವ ದಾರಿಯು ಕಟ್ಟಿಹೋಗಿದ್ದಿತು.

ನೀರು ಏರಿದಾಗ ಮನುಷ್ಯರಂತೆ ಇತರ ಪ್ರಾಣಿಗಳೂ ಮನೆ ಬಿಡುತ್ತವೆ. ದಡದ ಬಿಲಗಳಲ್ಲಿದ್ದ ಇಲಿ, ಮುಂಗುಸಿ, ಹಾವುಗಳು ಮೇಲಣ ಹಿತ್ತಲುಗಳಿಗೆ ಬರುತ್ತವೆ. ಆಗ ದೊಣ್ಣೆ ಹಿಡಿದು ನಿಂತವನ ಪೆಟ್ಟಿಗೆ ಸಿಕ್ಕುವುದು ಅನೇಕ ವೇಳೆ ಕೇರೆಹಾವು. ಅದಕ್ಕೆ ವಿಷವಿಲ್ಲ, ಇಲಿಗಳನ್ನು ತಿಂದು ರೈತನ ಕಣಜವನ್ನು ಕಾಯುವುದೇ ಅದರ ಕಸುಬು. ಶಿಲೆಯ ಹಾವಿಗೂ ಜೀವವುಳ್ಳ ಹಾವಿಗೂ ಜನರು ಮಾಡುವ ಭೇದವನ್ನು ಬಸವಣ್ಣನವರು ವಚನದಲ್ಲಿ ಎತ್ತಿ ಆಡಿದ್ದು ಈ ಸಭೆಯಲ್ಲಿ ಯಾರಿಗೂ ಹೊಸದಲ್ಲ. ಆದಾಗ್ಯೂ ದೊಣ್ಣೆಯು ಇನ್ನೂ ಕೆಳಗೆ ಇಳಿದಿಲ್ಲ.

ಇದೇ ಮಳೆಗಾಲದಲ್ಲಿ ನೀರಿನ ಮೇಲೆ ಬಾಗಿದ ಜಾಲಿಯ ಕೊಂಬೆಗಳಲ್ಲಿಯೂ ತೆಂಗಿನ ಗರಿಗಳಲ್ಲಿಯೂ ಗೀಜಗನ ಗೂಡುಗಳು ತೂಗಾಡುತ್ತವೆ. ಹೆಣೆಯುವುದು ಗಂಡುಹಕ್ಕಿ. ಭತ್ತದ ಎಲೆಯನ್ನೂ ಕಬ್ಬಿನ ಗರಿಯನ್ನೂ ನಾರಾಗಿ ಸೀಳಿ ತಂದು, ಗೂಡನ್ನು ಅರ್ಧ ಮುಗಿಸಿ, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಒಳಹೊಕ್ಕು ನೋಡಿ ಒಪ್ಪಿದರೆ ಉಳಿದರ್ಧವು ಮುಗಿಯುವುದು. ಒಪ್ಪದಿದ್ದರೆ ಅದು ಹಾಗೆಯೇ ಉಳಿಯುವುದು. ಗೂಡಿನೊಳಕ್ಕೆ ಹಸಿಮಣ್ಣನ್ನು ಮೆತ್ತುವುದೂ ಉಂಟು. ಗೂಡುಗಳು ಬಹುತರವಾಗಿ ಮರದ ಪೂರ್ವದ ಕಡೆಗೇ ಇರುತ್ತವೆಂಬುದನ್ನು ಗಮನಿಸಿ ನೋಡಿದವರು ಹೇಳಿರುವರು. ಮುಂಗಾರಿನ ಗಾಳಿಯು ಪಡುವಣಿಂದ ಬೀಸತಕ್ಕದ್ದಲ್ಲವೆ!

ವಿಜಯದಶಮಿಯ ವೇಳೆಗೆ ಆಕಾಶವು ತೊಳೆದಂತಾಗಿ, ದಾರಿಬದಿಯ ತಂತಿಗಳ ಮೇಲೆ ನೀಲಕಂಠ ಪಕ್ಷಿಯು ಕುಳಿತಿರುವುದು ಕಣ್ಣಿಗೆ ಬೀಳುತ್ತದೆ. ಕರ್ನಾಟಕವು ಇದನ್ನೇ ತನ್ನ ರಾಜ್ಯಪಕ್ಷಿಯೆಂದು ಇಟ್ಟುಕೊಂಡಿದೆ. ವಿಷವನ್ನು ಕೊರಳಲ್ಲಿ ಧರಿಸಿದ ಶ್ರೀಕಂಠೇಶ್ವರನ ಕ್ಷೇತ್ರದಲ್ಲಿ ಈ ಹೆಸರಿನ ಹಕ್ಕಿಯನ್ನು ಕಂಡು ಕೈಮುಗಿಯುವ ಭಕ್ತರು ಇದ್ದಾರೆ. ನಿಜವಾಗಿ ನೋಡಿದರೆ ಇದರ ಕೊರಳು ನೀಲಿಯಲ್ಲ. ಕಂದುಗೆಂಪಿನ ಮೇಲೆ ಬಿಳಿಯ ಗೀರುಗಳು. ನೀಲಿಯಿರುವುದು ರೆಕ್ಕೆಯಲ್ಲಿ, ಅದೂ ಹಾರಿದಾಗ ಮಾತ್ರ ಪೂರ್ತಿಯಾಗಿ ಕಾಣುವುದು. ಹೆಸರಿನಿಂದ ಕೈಮುಗಿದವನು ಅದು ಹಾರುವ ತನಕ ಕಾದು ನೋಡಿದರೆ ನಷ್ಟವಿಲ್ಲ. ಮಿಡತೆ ಮತ್ತು ದುಂಬಿಗಳನ್ನು ಹಿಡಿದು ತಿನ್ನುವ ಈ ಹಕ್ಕಿಯು ಹೊಲಕ್ಕೆ ಉಪಕಾರಿ. ಔಷಧಿ ಹೊಡೆದ ಹೊಲದಲ್ಲಿ ಮಿಡತೆಯಿಲ್ಲ; ಮಿಡತೆಯಿಲ್ಲದ ಕಡೆ ನೀಲಕಂಠವೂ ನಿಲ್ಲದು.

ಈ ಸೀಮೆಯ ಹೇಮಂತದ ಅತಿಶಯವೆಂದರೆ ಹದಿನಾರು ಗ್ರಾಮದ ಕೆರೆ. ಯದುರಾಯನು 1399ರಲ್ಲಿ ಮೈಸೂರು ಅರಸುಮನೆತನಕ್ಕೆ ಮೂಲಪುರುಷನಾದ ಕಥೆಯಲ್ಲಿ ಹದಿನಾಡೆಂದು ಬರುವ ಸ್ಥಳವು ಇದೇ ಎಂಬುದು ಪ್ರತೀತಿ. ಸುತ್ತೂರು ಶ್ರೀಕ್ಷೇತ್ರಕ್ಕೆ ದೂರವಲ್ಲ. ಕಾರ್ತಿಕ ಮಾರ್ಗಶಿರಗಳಲ್ಲಿ ಇಲ್ಲಿಗೆ ಉತ್ತರದಿಂದ ಹೆಬ್ಬಾತುಗಳ ಹಿಂಡುಗಳು ಬಂದಿಳಿಯುತ್ತವೆ. ಬೂದುಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪುಪಟ್ಟೆ. ಆದಕಾರಣ ಪಟ್ಟೆತಲೆ ಹೆಬ್ಬಾತು ಎಂದು ಹೆಸರು. ಮಂಗೋಲಿಯಾ, ಟಿಬೆಟ್ಟು, ಲಡಾಖುಗಳ ಎತ್ತರದ ಸರೋವರಗಳಲ್ಲಿ ಮರಿಮಾಡಿ, ಅಲ್ಲಿ ನೀರು ಹೆಪ್ಪುಗಟ್ಟುವ ಮೊದಲೇ ಹಿಮಾಲಯವನ್ನು ದಾಟಿ ಬರುವುವು. ಯಂತ್ರವನ್ನು ಕಟ್ಟಿ ಅಳೆದಾಗ ಏಳು ಸಾವಿರ ಮೀಟರಿಗೂ ಮೇಲೆ ಹಾರಿದ ಹಕ್ಕಿಗಳು ಸಿಕ್ಕಿವೆ. ಅಷ್ಟು ತೆಳುವಾದ ಗಾಳಿಯಲ್ಲಿ ಮನುಷ್ಯನು ನಡೆಯುವುದೇ ದುಸ್ತರ. ಇವುಗಳ ರಕ್ತಕ್ಕಾದರೋ ಪ್ರಾಣವಾಯುವನ್ನು ಹೆಚ್ಚಾಗಿ ಹಿಡಿದಿಟ್ಟುಕೊಳ್ಳುವ ಗುಣವಿದೆ. ಮಂಗೋಲಿಯಾದಲ್ಲಿ ಕೊರಳಿಗೆ ಅಕ್ಷರದ ಪಟ್ಟಿಯನ್ನು ತೊಡಿಸಿ ಬಿಟ್ಟ ಹಕ್ಕಿಗಳು ಈ ಕೆರೆಯಲ್ಲಿ ಕಾಣಿಸಿಕೊಂಡಿರುವುದರಿಂದ, ಇವು ಎಲ್ಲಿಂದ ಬರುವುವೆಂಬುದು ಊಹೆಯ ಮಾತಾಗಿ ಉಳಿದಿಲ್ಲ.

ಇವುಗಳ ದಿನಚರಿಯು ಮನುಷ್ಯರ ದಿನಚರಿಗೆ ವಿರುದ್ಧವಾದುದು. ಹಗಲೆಲ್ಲ ಕೆರೆಯ ನಡುವೆ ತಂಗಿದ್ದು, ಸಂಜೆಯಾಗುತ್ತಲೆ ಸಾಲುಗಟ್ಟಿ ಕೂಗುತ್ತ ಗದ್ದೆಗಳಿಗೆ ಹೋಗಿ, ಕೊಯ್ಲಾದ ಭತ್ತದ ಕೂಳೆಯನ್ನೂ ಎಳೆಯ ಪೈರನ್ನೂ ಹುಲ್ಲನ್ನೂ ಮೇಯುತ್ತವೆ. ಕೂಳೆಯನ್ನು ಮೇದರೆ ಯಾರಿಗೂ ತಕರಾರಿಲ್ಲ. ಎಳೆಯ ಪೈರಿಗೆ ಬಿದ್ದರೆ ರೈತನ ಹೊಟ್ಟೆ ಉರಿಯುವುದು ಸಹಜ. ಆತನನ್ನು ದೂರುವುದಕ್ಕೆ ಮೊದಲು, ಪಟ್ಟಣದಿಂದ ಬಂದು ದುರ್ಬೀನಿನಲ್ಲಿ ನೋಡಿ ಸಂತೋಷಪಟ್ಟು ಹಿಂದಿರುಗುವವರು ಆ ಪೈರು ಯಾರದೆಂದು ಕೇಳಬೇಕು. ಹಕ್ಕಿಗೆ ಹೆಚ್ಚಿನ ಅಪಾಯವು ರೈತನಿಂದಲ್ಲ. ಕೆರೆಯಂಗಳದ ಒತ್ತುವರಿ, ಕಳ್ಳಬೇಟೆ, ಹಾರುವ ದಾರಿಗೆ ಅಡ್ಡವಾದ ವಿದ್ಯುತ್ತಿನ ತಂತಿ, ಇವುಗಳಿಂದ ಬರತಕ್ಕ ಅಪಾಯವೇ ದೊಡ್ಡದು. ಸುತ್ತೂರಿನ ಜಾತ್ರೆಯು ಪುಷ್ಯಮಾಸದಲ್ಲಿ ನಡೆಯುವಾಗ ಹೆಬ್ಬಾತುಗಳೂ ಇಲ್ಲಿಯೇ ಇರುತ್ತವೆ. ಜಾತ್ರೆಗೆ ಬಂದ ಭಕ್ತರು ಬೆಳಗಿನ ಜಾವದಲ್ಲಿ ಏರಿಯ ಮೇಲೆ ಸದ್ದಿಲ್ಲದೆ ನಿಂತರೆ, ಗದ್ದೆಗಳಿಂದ ಹಿಂಡುಗಳು ಮರಳುವುದನ್ನು ನೋಡಬಹುದು.

ಕಾಲುವೆಗಳ ನೀರು ಬಂದ ಮೇಲೆ ಈ ಸೀಮೆಯ ಜೀವರಾಶಿಯ ಕಟ್ಟಳೆಯೇ ಬೇರೆಯಾಗಿದೆ. ರಾಗಿ, ಜೋಳ, ಹುರುಳಿಗಳಿದ್ದ ಅನೇಕ ಹೊಲಗಳಲ್ಲಿ ಈಗ ಕಬ್ಬು ನಿಂತಿದೆ. ಕಬ್ಬಿನ ಗದ್ದೆಯೆಂದರೆ ಆಳೆತ್ತರದ, ತಿಂಗಳುಗಟ್ಟಲೆ ಯಾರೂ ಒಳಹೋಗದ ಕಾಡು. ಅದರಲ್ಲಿ ಹಂದಿಗೆ ಆಹಾರವಿದೆ, ಚಿರತೆಗೆ ಮರೆಯಿದೆ. ಊರಿನ ಬೀದಿನಾಯಿಗಳೂ ಕುರಿಗಳೂ ಹತ್ತಿರದಲ್ಲಿವೆ. ಕಾಡಿನಿಂದ ಬಂದದ್ದೆಂದು ಜನರು ಹೇಳುವ ಚಿರತೆಯು ಅನೇಕ ವೇಳೆ ಕಬ್ಬಿನಲ್ಲಿಯೇ ಹುಟ್ಟಿ ಬೆಳೆದದ್ದು. 2022ರ ಅಕ್ಟೋಬರಿನಿಂದ 2023ರ ಜನವರಿಯೊಳಗೆ ನರಸೀಪುರ ತಾಲ್ಲೂಕೊಂದರಲ್ಲಿಯೇ ನಾಲ್ವರು ಚಿರತೆಗೆ ಬಲಿಯಾದರು. ಅವರಲ್ಲಿ ಓದುವ ವಯಸ್ಸಿನವರೂ ಇದ್ದರು, ವೃದ್ಧೆಯೂ ಇದ್ದಳು. ಸಂಜೆಯ ಮೇಲೆ ಹಿತ್ತಲಿಗೆ ಹೋಗುವುದಕ್ಕೂ ಹೆದರಿದ ಹಳ್ಳಿಗಳ ದುಃಖವನ್ನು ಕೇಳಿದವರಿಗೆ, ಪ್ರಾಣಿದಯೆಯ ಉಪದೇಶವು ಅಷ್ಟು ಸುಲಭವಾಗಿ ಬಾಯಿಗೆ ಬಾರದು. 2023ರಲ್ಲಿ ಸರಕಾರವು ಮೈಸೂರಿನಲ್ಲಿ ಚಿರತೆ ಕಾರ್ಯಪಡೆಯೊಂದನ್ನು ನೇಮಿಸಿತು. ಬೋನಿಗೆ ಬಿದ್ದ ಚಿರತೆಯನ್ನು ಬೇರೆಡೆ ಬಿಟ್ಟರೆ ತೆರವಾದ ಜಾಗಕ್ಕೆ ಮತ್ತೊಂದು ಬರುವುದರಿಂದ, ಬೋನೊಂದರಿಂದಲೇ ಕೆಲಸವು ತೀರದು. ಎಲ್ಲವನ್ನೂ ಕೊಲ್ಲಿರೆಂಬುವನೂ, ಸುಮ್ಮನೆ ಹೊಂದಿಕೊಂಡಿರೆಂಬುವನೂ ಕಬ್ಬಿನ ಬದುವಿನ ಮೇಲೆ ಕತ್ತಲಲ್ಲಿ ಪಂಪಿನ ಮನೆಗೆ ನಡೆದವರಲ್ಲ. ರಾತ್ರಿಯ ಬದಲು ಹಗಲು ಪಂಪಿಗೆ ವಿದ್ಯುತ್ತು, ಮನೆಯ ಸುತ್ತಲಿನ ಪೊದೆಯನ್ನು ಸವರುವುದು, ಕೋಳಿಮಾಂಸದ ಕಸವನ್ನು ಊರ ಹೊರಗೆ ಸುರಿದು ನಾಯಿಗಳನ್ನು ಸೇರಿಸದಿರುವುದು, ಕೊಟ್ಟಿಗೆಗೆ ಗಟ್ಟಿ ಬಾಗಿಲು: ಇವು ಸಣ್ಣ ಕೆಲಸಗಳಾಗಿ ಕಂಡರೂ ಜೀವ ಉಳಿಸತಕ್ಕವು. ಕಟಾವಿನಲ್ಲಿ ಮರಿಗಳು ಸಿಕ್ಕಿದರೆ ಮುಟ್ಟದೆ, ಅರಣ್ಯ ಇಲಾಖೆಯವರಿಗೆ ತಿಳಿಸಿ, ಅಲ್ಲಿಯೇ ಬಿಟ್ಟು ದೂರ ಸರಿಯಬೇಕು; ರಾತ್ರಿ ತಾಯಿಯು ಬಂದು ಎತ್ತಿಕೊಂಡು ಹೋಗುವುದುಂಟು. ಮರಿಯನ್ನು ಕಳೆದುಕೊಂಡು ಊರಿನ ಸುತ್ತ ಅಲೆಯುವ ತಾಯಿಗಿಂತ ಭಯಂಕರವಾದುದಿಲ್ಲ.

ನಂಜನಗೂಡಿನ ದೊಡ್ಡ ತೇರು ಹತ್ತಿರವಾಗುತ್ತ ಬೂರುಗದ ಕೆಂಪುಹೂವಿಗೆ ಗೊರವಂಕಗಳು ಮುತ್ತುವುವು, ಹೊಂಗೆಯು ಎಲೆಯುದುರಿಸಿ ಯುಗಾದಿಯ ವೇಳೆಗೆ ಚಿಗುರುವುದು. ಅಷ್ಟರೊಳಗೆ ಹದಿನಾರು ಕೆರೆಯ ಹೆಬ್ಬಾತುಗಳು ಹೊರಟುಹೋಗಿರುತ್ತವೆ.

ಬೇಸಗೆಯಲ್ಲಿ ಕಾವೇರಿಯು ತಗ್ಗಿ, ತಿರುಮಕೂಡಲಿನ ಸಂಗಮದಿಂದ ತಲಕಾಡಿನವರೆಗೆ ಮರಳಿನ ದಿಬ್ಬಗಳೂ ಬಂಡೆಗಳೂ ತಲೆಯೆತ್ತುವುವು. 1989ರಿಂದ ಮೂರು ವರ್ಷಗಳಿಗೊಮ್ಮೆ ಮಾಘದಲ್ಲಿ ಕುಂಭಮೇಳಕ್ಕೆ ಜನಸಾಗರವು ನೆರೆಯುವುದು ಈ ಸಂಗಮದಲ್ಲಿಯೇ. ಮೇಳದ ಜನ ಚದುರಿದ ಮೇಲೆ, ಮರಳಿನ ಮೇಲೆ ಮತ್ತೊಂದು ಸಂಸಾರವು ಹೂಡಲ್ಪಡುತ್ತದೆ. ಕಪ್ಪು ನೆತ್ತಿ, ಹಳದಿ ಕೊಕ್ಕು, ಕವಲುಬಾಲದ ನದಿ ರೀವವು ಬರಿಯ ಮರಳಿನಲ್ಲಿ ಕಾಲಿನಿಂದ ಒಂದು ಕುಳಿಯನ್ನು ಕೆರೆದು, ಹುಲ್ಲುಕಡ್ಡಿಯನ್ನೂ ಹಾಸದೆ ಮೊಟ್ಟೆಯಿಡುವುದು. ಮೊಟ್ಟೆಯು ಮರಳಿನ ಬಣ್ಣವೇ ಆದುದರಿಂದ ಕಾಲಡಿಗೆ ಬರುವವರೆಗೆ ಕಾಣುವುದಿಲ್ಲ. ಉರಿಬಿಸಿಲಿನಲ್ಲಿ ತಾಯಿಯು ನದಿಗೆ ಹೋಗಿ ಹೊಟ್ಟೆಯ ಗರಿಯನ್ನು ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುವುದು, ಅವು ಬೇಯದಿರಲೆಂದು. ಮರಳು ತುಂಬುವ ಗಾಡಿ, ಬೀದಿನಾಯಿ, ಕಾಗೆ, ಮೇಲಿನಿಂದ ಹಠಾತ್ತಾಗಿ ಬಿಟ್ಟ ನೀರು, ಇವುಗಳಲ್ಲಿ ಯಾವುದಾದರೂ ಒಂದು ಬಂದರೆ ಆ ವರ್ಷದ ಸಂತಾನವು ಮುಗಿಯಿತು. ಬಾರದಿದ್ದರೆ ಸುಮಾರು ಮೂರು ವಾರಗಳಲ್ಲಿ ಮರಿಗಳು ಒಡೆದು, ಭರಣಿಯ ಮೊದಲ ಗುಡುಗಿನ ವೇಳೆಗೆ ರೆಕ್ಕೆ ಬಲಿತು ನೀರಿನ ಮೇಲೆ ಹಾರುತ್ತಿರುತ್ತವೆ.